ಖಿನ್ನತೆ ಗುಳಿಗೆ ತಗೊಂಡು ಷಡ್ಡಕ ಸಿಗರೇಟ್ ಬಿಟ್ಟ, ನಾನ್ಯಾಕೆ ಬಿಡಲಿಲ್ಲ?

ವೈಂಡಿಂಗ್ ಅಂಗಡಿ, ವಿಜಯಪುರ

ನಮಸ್ಕಾರ ರೀ ಎಲ್ಲರಿಗೂ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನನ್ನದೇ ಒಂದು ಪ್ರಶ್ನೆ ಇದೆ.

ವಯಸ್ಸು 41. ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಹೋದ ವರ್ಷ ಪಾಲುದಾರ ಕೈ ಎತ್ತಿದ, ಸಾಲ ಎಲ್ಲ ನನ್ನ ತಲೆ ಮೇಲೆ ಬಂತು. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ತಂತಿ ಸುತ್ತುವಾಗ ಎಣಿಕೆ ತಪ್ಪತೊಡಗಿತು. 20 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಸುತ್ತು ಎಣಿಸುವಾಗ ಪಕ್ಕದಲ್ಲಿ ಬ್ಯಾಂಡ್ ಬಾರಿಸಿದರೂ ತಪ್ಪಿದವನಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಹೆಂಡತಿ ಹಟ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಖಿನ್ನತೆ ಅಂದರು. ಎಸಿಟಲೋಪ್ರಾಮ್ 10 ಮಿ.ಗ್ರಾಂ ಶುರುವಾಗಿ ನಾಲ್ಕು ತಿಂಗಳಾಯಿತು. ಸುಳ್ಳು ಹೇಳಬಾರದು, ಮೂರನೇ ವಾರದಿಂದ ವ್ಯತ್ಯಾಸ ಗೊತ್ತಾಯಿತು. ಈಗ ಮುಕ್ಕಾಲು ಪಾಲು ಮೊದಲಿನ ಹಾಗೇ ಇದ್ದೇನೆ.

ಆದರೆ ಸಿಗರೇಟ್ ಒಂದೂ ಕಡಿಮೆ ಆಗಿಲ್ಲ. ದಿನಕ್ಕೆ 14-15. ಎದ್ದು ಹಲ್ಲುಜ್ಜುವ ಮೊದಲೇ ಒಂದು ಬೇಕು.

ಬೆಳಗಾವಿಯಲ್ಲಿ ನನ್ನ ಷಡ್ಡಕ ಇದ್ದಾನೆ. ಅವನೂ ಡಿಪ್ರೆಶನ್‌ಗೆ ಗುಳಿಗೆ ತಗೊಂಡ. ಎರಡು ತಿಂಗಳಲ್ಲಿ ಸಿಗರೇಟೂ ಬಿಟ್ಟುಬಿಟ್ಟ. ಅವನದು ಬುಪ್ರೊಪಿಯಾನ್ ಅಂತೆ. ಎರಡೂ ಖಿನ್ನತೆಯ ಗುಳಿಗೆಯೇ ಅಲ್ವಾ? ಅವನಿಗೆ ಆಗಿದ್ದು ನನಗ್ಯಾಕೆ ಆಗಲಿಲ್ಲ? ನಾನು ಬದಲಿಸಿಕೊಂಡರೆ ಹೇಗೆ?

ಕೆಂಪು ಬಸ್, ಮುಧೋಳ

ಗುಳಿಗೆ ಯಾಕೆ ಬೇಕು ರೀ? ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮಪ್ಪ 30 ವರ್ಷ ಸೇದಿದ ಬೀಡಿಯನ್ನು ಒಂದೇ ದಿನಕ್ಕೆ ಬಿಟ್ಟ. ಮಲಪ್ರಭೆಯಲ್ಲಿ ಸ್ನಾನ ಮಾಡಿ ಬಂದು ಬೀಡಿ ಕಟ್ಟು ಬಿಸಾಕಿದವನು ಮತ್ತೆ ಮುಟ್ಟಿಲ್ಲ.

ಔಷಧಿ ಕಪಾಟು, ಬಾಗಲಕೋಟೆ

ನವನಗರದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಗೊತ್ತಿದ್ದಷ್ಟು ಹೇಳುತ್ತೇನೆ.

‘ಖಿನ್ನತೆಯ ಗುಳಿಗೆ’ ಅನ್ನುವುದು ‘ನೋವಿನ ಗುಳಿಗೆ’ ಅಂದ ಹಾಗೆ. ಹೆಸರು ಒಂದೇ, ಒಳಗೆ ಬೇರೆ ಬೇರೆ ಮನೆತನ. ನಿಮ್ಮ ಎಸಿಟಲೋಪ್ರಾಮ್, ಮತ್ತೆ ಸರ್ಟ್ರಲೀನ್, ಫ್ಲುಯಾಕ್ಸೆಟಿನ್ ಇವೆಲ್ಲ ಒಂದು ಮನೆಯವು. ಮಿದುಳಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಬುಪ್ರೊಪಿಯಾನ್ ಬೇರೆ ಮನೆಯದು. ಅದು ಡೋಪಮಿನ್, ನಾರ್‌ಅಡ್ರಿನಲಿನ್ ಕಡೆಯದು. ಸಿಗರೇಟ್ ಹಚ್ಚಿದಾಗ ಸಿಗುವ ‘ಆಹಾ’ ಅನ್ನುವುದು ಬಹಳಮಟ್ಟಿಗೆ ಡೋಪಮಿನ್ ಆಟ. ಜೊತೆಗೆ, ಮಿದುಳಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗವನ್ನೂ ಬುಪ್ರೊಪಿಯಾನ್ ಸ್ವಲ್ಪ ತಡೆಯುತ್ತದೆ.

ಸೆರೊಟೋನಿನ್ ಗುಳಿಗೆಗಳನ್ನೂ ಸಿಗರೇಟ್ ಬಿಡಿಸಲು ಪ್ರಯೋಗ ಮಾಡಿ ನೋಡಿದ್ದಾರೆ. ಫ್ಲುಯಾಕ್ಸೆಟಿನ್, ಸರ್ಟ್ರಲೀನ್, ಪ್ಯಾರಾಕ್ಸೆಟಿನ್ ಎಲ್ಲ ಆಯಿತು. ಔಷಧವೇ ಇಲ್ಲದ ಬರೀ ಸಕ್ಕರೆ ಗುಳಿಗೆ ತಗೊಂಡವರಿಗಿಂತ ಜಾಸ್ತಿ ಮಂದಿ ಬಿಡಲಿಲ್ಲ. ಹಾಗಾಗಿ ನಿಮ್ಮ ಸಿಗರೇಟ್ ಹಾಗೇ ಉಳಿದಿರುವುದು ನಿಮ್ಮ ತಪ್ಪೂ ಅಲ್ಲ, ಗುಳಿಗೆಯ ತಪ್ಪೂ ಅಲ್ಲ. ಅದಕ್ಕೆ ಕೊಟ್ಟ ಕೆಲಸವನ್ನು ಅದು ಮಾಡಿದೆ.

ಬುಪ್ರೊಪಿಯಾನ್ ಕಥೆ ಚೆನ್ನಾಗಿದೆ. ಅಮೆರಿಕದಲ್ಲಿ 1985ರಲ್ಲಿ ಖಿನ್ನತೆಗೆ ಅಂತ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ವಾಪಸ್ ತೆಗೆದರು, ಏಕೆಂದರೆ ಕೆಲವರಿಗೆ ಫಿಟ್ಸ್ ಬಂತು. ಡೋಸ್ ಮಿತಿ ಇಳಿಸಿ 1989ರಲ್ಲಿ ಮತ್ತೆ ತಂದರು. ಕ್ಯಾಲಿಫೋರ್ನಿಯಾದಲ್ಲಿ ಲಿಂಡಾ ಫೆರಿ ಅನ್ನುವ ವೈದ್ಯೆ ನಿವೃತ್ತ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಖಿನ್ನತೆಗೆ ಇದನ್ನು ತಗೊಂಡ ಕೆಲವರು ತಾವಾಗಿಯೇ ಸಿಗರೇಟ್ ಬಿಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಪ್ರಯೋಗ ಶುರುವಾಗಿ 1997ರಲ್ಲಿ ಸಿಗರೇಟ್ ಬಿಡಿಸಲು ಅಂತಲೇ ಬೇರೆ ಹೆಸರಲ್ಲಿ ಬಂತು. ನಿಮ್ಮ ಷಡ್ಡಕನ ಕಥೆ ಆ ಸೈನಿಕರದೇ ಕಥೆ ನೋಡಿ.

ಬದಲಿಸುವ ವಿಷಯ ಮಾತ್ರ ನಿಮ್ಮ ಡಾಕ್ಟರ್ ಮುಂದೆ ಇಡಿ. ಎಸಿಟಲೋಪ್ರಾಮ್ ಒಮ್ಮೆಲೇ ನಿಲ್ಲಿಸಬೇಡಿ.

ಸೀತಾಫಲ, ವಿಜಯಪುರ

ಒಮ್ಮೆಲೇ ನಿಲ್ಲಿಸಬೇಡಿ ಅನ್ನುವುದಕ್ಕೆ ನಾನೇ ಸಾಕ್ಷಿ. ಆರಾಮಾಯಿತಲ್ಲ ಅಂತ ಹಬ್ಬದ ಹಿಂದಿನ ದಿನ ಬಿಟ್ಟೆ. ಮೂರನೇ ದಿನ ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಹೋಳಿಗೆ ತಟ್ಟುತ್ತಾ ತಟ್ಟುತ್ತಾ ಗೋಡೆ ಹಿಡಿದುಕೊಂಡು ಕೂತೆ. ಡಾಕ್ಟರ್ ಮತ್ತೆ ಶುರು ಮಾಡಿಸಿ, ಆಮೇಲೆ ವಾರಗಟ್ಟಲೆ ಇಳಿಸುತ್ತಾ ಬಂದರು. ಆಗ ಏನೂ ಆಗಲಿಲ್ಲ.

ಮೂರನೇ ಮಹಡಿ, ಬೆಳಗಾವಿ

ಕೆಂಪು ಬಸ್ ಅವರೇ, ನಿಮ್ಮ ತಂದೆಯವರಿಗೆ ಆಯಿತು, ಸಂತೋಷ. ನಾನು ಆರು ಸಲ ಮನಸ್ಸು ಗಟ್ಟಿ ಮಾಡಿದೆ. ಆರು ಸಲವೂ ಸೋತೆ.

ಹೆಂಗಸು ಅಂತ ಮೊದಲೇ ಹೇಳಿಬಿಡುತ್ತೇನೆ. 11 ವರ್ಷ ಗಚ್ಚಿನ ಮೇಲೆ ನೀರಿನ ಟ್ಯಾಂಕ್ ಹಿಂದೆ ನಿಂತು ಸೇದಿದವಳು. ಏಲಕ್ಕಿ ಬಾಯಿಗೆ ಹಾಕಿಕೊಂಡು ಕೆಳಗೆ ಇಳಿಯುವುದು, ಕೈಗೆ ನಿಂಬೆಹಣ್ಣಿನ ಸಿಪ್ಪೆ ಉಜ್ಜುವುದು. ನನಗೆ ಖಿನ್ನತೆ ಇರಲಿಲ್ಲ. ಸಿಗರೇಟ್ ಬಿಡಲಿಕ್ಕೆ ಅಂತಲೇ ಬುಪ್ರೊಪಿಯಾನ್ ತಗೊಂಡೆ. ಡಾಕ್ಟರ್ ಎದುರು ಕೂತು ‘ಸೇದುತ್ತೇನೆ’ ಅನ್ನಲಿಕ್ಕೆ ಗುಳಿಗೆ ನುಂಗುವುದಕ್ಕಿಂತ ಜಾಸ್ತಿ ಧೈರ್ಯ ಬೇಕಾಯಿತು. ಅವರು ಮುಖ ಎತ್ತದೆ ‘ದಿನಕ್ಕೆ ಎಷ್ಟು?’ ಅಂದರು, ಅಷ್ಟೇ. ಆ ಮುಖ ಎತ್ತದೆ ಇದ್ದದ್ದಕ್ಕೆ ಈಗಲೂ ಥ್ಯಾಂಕ್ಸ್ ಹೇಳಬೇಕು.

ನನಗೆ ಕೊಟ್ಟ ರೀತಿ ಇದು. ಮೊದಲ ಮೂರು ದಿನ ಬೆಳಿಗ್ಗೆ 150 ಮಿ.ಗ್ರಾಂ ಒಂದು. ನಾಲ್ಕನೇ ದಿನದಿಂದ ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಕನಿಷ್ಠ 8 ತಾಸು. ಮೊದಲ ವಾರ ಸಿಗರೇಟ್ ಸೇದುತ್ತಲೇ ಇರಬಹುದು! ಇದು ನನಗೆ ಬಹಳ ಇಷ್ಟ ಆಯಿತು. ಎರಡನೇ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ನಿಲ್ಲಿಸುವುದು. ನಾನು ಒಂಬತ್ತನೇ ದಿನ ಇಟ್ಟುಕೊಂಡೆ.

ಏಳನೇ ದಿನ ಟ್ಯಾಂಕ್ ಹಿಂದೆ ಹೋಗಿ ಹಚ್ಚಿದೆ. ಉಪ್ಪಿಲ್ಲದ ಸಾರು ಕುಡಿದ ಹಾಗೆ ಇತ್ತು. ಅರ್ಧಕ್ಕೆ ಆರಿಸಿದೆ. 11 ವರ್ಷದಲ್ಲಿ ಅರ್ಧ ಸಿಗರೇಟ್ ಆರಿಸಿದ್ದು ಅದೇ ಮೊದಲು.

ತೊಂದರೆಯೂ ಹೇಳುತ್ತೇನೆ. ಬಾಯಿ ಜೋಳದ ಹಿಟ್ಟು ತುಂಬಿಕೊಂಡ ಹಾಗೆ ಒಣಗುತ್ತಿತ್ತು. ಎರಡನೇ ಗುಳಿಗೆ ರಾತ್ರಿ ಒಂಬತ್ತಕ್ಕೆ ನುಂಗುತ್ತಿದ್ದೆ, ರಾತ್ರಿಯಿಡೀ ಜಾಗರಣೆ. ಬೆಳಿಗ್ಗೆ ಎಂಟು, ಸಂಜೆ ಐದು ಅಂತ ಬದಲಿಸಿದ ಮೇಲೆ ನಿದ್ದೆ ಸರಿಹೋಯಿತು. ಮೂರನೇ ವಾರ ಖಾನಾಪುರದಲ್ಲಿ ಒಂದು ಮದುವೆಯಲ್ಲಿ ಒಂದು ಸೇದಿದೆ. ಮರುದಿನ ಏನೂ ಆಗದವರ ಹಾಗೆ ಗುಳಿಗೆ ಮುಂದುವರಿಸಿದೆ. ಒಟ್ಟು 12 ವಾರ. ಈಗ 14 ತಿಂಗಳಾಯಿತು.

ಅಂದ ಹಾಗೆ ಗುಳಿಗೆ ಬರೆಯುವ ಮೊದಲು ಡಾಕ್ಟರ್ ಒಂದಷ್ಟು ಕೇಳಿದರು. ಯಾವಾಗಲಾದರೂ ಫಿಟ್ಸ್ ಬಂದಿತ್ತಾ? ತಲೆಗೆ ಪೆಟ್ಟು? ಕುಡಿಯುವ ಅಭ್ಯಾಸ? ಊಟ ಮಾಡಿ ಬೇಕಂತಲೇ ವಾಂತಿ ಮಾಡುವ ರೂಢಿ? ಬೇರೆ ಯಾವ ಗುಳಿಗೆ ನಡೆದಿದೆ? ಆಗ ಇದೆಲ್ಲ ಯಾಕಪ್ಪಾ ಅನ್ನಿಸಿತ್ತು.

ನಿಪ್ಪಾಣಿಯವ

ನಮ್ಮೂರೇ ತಂಬಾಕಿನ ಊರು ರೀ. ನಮ್ಮಪ್ಪ 1981ರ ತಂಬಾಕು ಬೆಳೆಗಾರರ ಹೋರಾಟದಲ್ಲಿ ರಸ್ತೆ ಮೇಲೆ ಕೂತಿದ್ದವರು. ಸುಗ್ಗಿ ಬಂದರೆ ಬೀಡಿ ತಂಬಾಕಿನ ವಾಸನೆ ಹಾಸಿಗೆ ಬಟ್ಟೆಗೂ ಬರುತ್ತದೆ. ನಾನು ಸೇದುವುದಿಲ್ಲ, ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ ದವಡೆಗೆ ಇಡುವವನು. ದಿನಕ್ಕೆ ಎರಡು ಪುಡಿಕೆ. ನನಗೂ ಈ ಬುಪ್ರೊಪಿಯಾನ್ ನಡೆಯುತ್ತದಾ?

ಔಷಧಿ ಕಪಾಟು, ಬಾಗಲಕೋಟೆ

ನಿಪ್ಪಾಣಿಯವರೇ, ಸೇದುವವರಿಗೆ ಸಿಕ್ಕ ಫಲ ಅಗಿಯುವವರಲ್ಲಿ ಕಾಣಿಸಿಲ್ಲ. ತಿನ್ನುವ ತಂಬಾಕು ಬಿಡಿಸುವ ಪ್ರಯೋಗಗಳಲ್ಲಿ ಬುಪ್ರೊಪಿಯಾನ್ ಸೋತಿದೆ. ಚೀಪುವ ನಿಕೋಟಿನ್ ಲಾಜೆಂಜ್, ತಂಬಾಕು ಬಿಡಿಸುವ ಇನ್ನೊಂದು ಗುಳಿಗೆ ವರೆನಿಕ್ಲಿನ್, ಇವೆರಡಕ್ಕೆ ಸ್ವಲ್ಪ ಒಳ್ಳೆಯ ಫಲ ಬಂದಿದೆ. ಮಾತಾಡಿ ಧೈರ್ಯ ಹೇಳುವವರು ಬೇಕಿದ್ದರೆ 1800-11-2356ಕ್ಕೆ ಫೋನ್ ಮಾಡಿ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ದುಡ್ಡಿಲ್ಲ.

ವೈಂಡಿಂಗ್ ಅಂಗಡಿ, ವಿಜಯಪುರ

ಮೂರನೇ ಮಹಡಿ ಅಕ್ಕನವರ ಕಾಮೆಂಟ್ ಓದಿ ಎದೆ ಸ್ವಲ್ಪ ಝಲ್ ಅಂತು. ಒಂದು ವಿಷಯ ಹೇಳಿರಲಿಲ್ಲ.

ಸಣ್ಣವನಿದ್ದಾಗ, 9-10 ವರ್ಷ ಇರಬೇಕು, ನನಗೆ ಫಿಟ್ಸ್ ಬರುತ್ತಿತ್ತು. ಮೂರು ಸಲ ಅಂತ ಅವ್ವ ಹೇಳುತ್ತಾಳೆ. ಅಜ್ಜಿ ಮುಷ್ಟಿಯೊಳಗೆ ಕೀಲಿಕೈ ಗೊಂಚಲು ತುರುಕುತ್ತಿದ್ದಳಂತೆ. ಆಮೇಲೆ ಕೆಲವು ವರ್ಷ ಗುಳಿಗೆ ನುಂಗಿದೆ, ನಿಂತುಹೋಯಿತು. ಮದುವೆ ಹೊತ್ತಿಗೆ ‘ಆ ಮಾತು ಎತ್ತಬ್ಯಾಡ’ ಅಂತ ಮನೆಯಲ್ಲಿ ಹೇಳಿದ್ದರು. ಹೆಂಡತಿಗೂ ಗೊತ್ತಿಲ್ಲ. ಡಾಕ್ಟರ್ ‘ಬೇರೆ ಏನಾದರೂ ಕಾಯಿಲೆ?’ ಅಂದಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಇಲ್ಲ ಅಂದೆ.

ಇನ್ನೊಂದು. ಷಡ್ಡಕ ಹೋದ ಭಾನುವಾರ ಬಂದಾಗ ತನ್ನ ಹತ್ತಿರ ಉಳಿದಿದ್ದ ಒಂದು ಸ್ಟ್ರಿಪ್ ಕೊಟ್ಟು ಹೋಗಿದ್ದಾನೆ. ಅಂಗಡಿ ಗಲ್ಲೆಯಲ್ಲಿದೆ. ಅರ್ಧರ್ಧ ಮುರಿದು ಸೋಮವಾರದಿಂದ ಶುರು ಮಾಡೋಣ ಅಂತ ಇದ್ದೆ. ಕೇಳಿದ ಪ್ರಶ್ನೆ ಅದಕ್ಕೇ.

ಔಷಧಿ ಕಪಾಟು, ಬಾಗಲಕೋಟೆ

ಮುಟ್ಟಬೇಡಿ. ಒಂದೂ ಬೇಡ, ಅರ್ಧವೂ ಬೇಡ.

ಫಿಟ್ಸ್ ಇದ್ದವರಿಗೆ ಬುಪ್ರೊಪಿಯಾನ್ ಕೊಡುವಂತೆಯೇ ಇಲ್ಲ. ಆರೋಗ್ಯವಂತರಲ್ಲಿ ದಿನಕ್ಕೆ 300 ಮಿ.ಗ್ರಾಂ ತಗೊಂಡರೆ ಸುಮಾರು ಸಾವಿರಕ್ಕೆ ಒಬ್ಬರಿಗೆ ಫಿಟ್ಸ್ ಬರುತ್ತದೆ. 450ಕ್ಕೆ ಏರಿದರೆ ಸಾವಿರಕ್ಕೆ ನಾಲ್ಕು. ಹಳೆಯ ಫಿಟ್ಸ್ ಇದ್ದರೆ ಲೆಕ್ಕವೇ ಬೇರೆ. ನೀವು ಕೂರುವುದು ಕರೆಂಟ್ ಮಧ್ಯೆ, ಬೈಕ್ ಓಡಿಸುತ್ತೀರಿ. ಜಾಸ್ತಿ ಕುಡಿಯುವವರು ಕುಡಿತ ಒಮ್ಮೆಲೇ ನಿಲ್ಲಿಸಿದ ಹೊತ್ತಲ್ಲೂ ಇದು ಬೇಡ.

ಆ ಗುಳಿಗೆ ಮುರಿಯುವಂಥದ್ದೂ ಅಲ್ಲ. ಔಷಧ ತಾಸುಗಟ್ಟಲೆ ನಿಧಾನವಾಗಿ ಬಿಡುವಂತೆ ಕಟ್ಟಿರುತ್ತಾರೆ. ಮುರಿದರೆ ಒಮ್ಮೆಲೇ ರಕ್ತಕ್ಕೆ ಬರುತ್ತದೆ, ಫಿಟ್ಸ್ ಭಯ ಅಲ್ಲೇ ಜಾಸ್ತಿ. ಅರ್ಧ ತಗೊಂಡರೆ ಸೇಫ್ ಅಂತ ಎಷ್ಟು ಮಂದಿ ಅಂದುಕೊಂಡಿದ್ದಾರೋ, ನನ್ನ ಕೌಂಟರ್‌ನಲ್ಲಿ ವಾರಕ್ಕೊಬ್ಬರು ಯಾವುದೋ ಇಂಥ ಗುಳಿಗೆ ಮುರಿದುಕೊಂಡು ಬಂದಿರುತ್ತಾರೆ.

ಕೀಲಿಕೈಯಿಂದ ಫಿಟ್ಸ್ ನಿಲ್ಲುವುದಿಲ್ಲ, ಅದು ತಾನೇ ನಿಲ್ಲುತ್ತದೆ. ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು. 5 ನಿಮಿಷ ದಾಟಿದರೆ ಆಸ್ಪತ್ರೆಗೆ.

ಡಾಕ್ಟರ್ ಹತ್ತಿರ ಒಬ್ಬರೇ ಹೋಗಿ ಹೇಳಿ. ಹೆಂಡತಿಗೆ ಯಾವಾಗ ಹೇಳುತ್ತೀರಿ ಅನ್ನುವುದು ನಿಮ್ಮ ಮನೆ ವಿಷಯ.

ಸೀತಾಫಲ, ವಿಜಯಪುರ

ಹೆಂಡತಿಗೂ ಹೇಳಿ ಅಣ್ಣಾ. ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮ ಜೊತೆ ಎಚ್ಚರ ಇದ್ದವಳು ಅವಳೇ.

ಗೋಕಾಕ ಕರದಂಟು

ನಮ್ಮ ಮಾವನಿಗೆ ನಾರ್‌ಟ್ರಿಪ್ಟಿಲಿನ್ ಕೊಟ್ಟು ಬೀಡಿ ಬಿಡಿಸಿದರು. ಅದೂ ಖಿನ್ನತೆಯ ಗುಳಿಗೆಯೇ ಅಂದರು. ಅದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಔಷಧಿ ಕಪಾಟು, ಬಾಗಲಕೋಟೆ

ನಿಜ, ಬಿಟ್ಟುಹೋಯಿತು. ಹಳೆಯ ಕಾಲದ ಗುಳಿಗೆ. ಸಿಗರೇಟ್ ಬಿಡಿಸಲು ಕೆಲಸ ಮಾಡುತ್ತದೆ, ಆದರೆ ಎರಡನೇ ಸಾಲಿನಲ್ಲಿ ಇಡುತ್ತಾರೆ. ಬಾಯಿ ಒಣಗುತ್ತದೆ, ಮಲಬದ್ಧತೆ, ಒಮ್ಮೆಲೇ ಎದ್ದರೆ ತಲೆ ಸುತ್ತು. ಹೃದಯದ ತೊಂದರೆ ಇದ್ದವರಿಗೆ ಬಹಳ ಎಚ್ಚರಿಕೆ ಬೇಕು. ಮಿತಿ ಮೀರಿ ನುಂಗಿದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಯಾರದಾದರೂ ಮನಸ್ಸು ತೀರಾ ಕುಗ್ಗಿದ್ದರೆ, ಇದನ್ನು ಕೀಲಿ ಹಾಕಿ ಇಡಬೇಕು. ಫಿಟ್ಸ್ ಇದ್ದವರಿಗೆ ಇದೂ ಸರಿಯಲ್ಲ.

ಮೂರನೇ ಮಹಡಿ, ಬೆಳಗಾವಿ

ವರೆನಿಕ್ಲಿನ್ ತಗೊಂಡರೆ ತಲೆ ಕೆಡುತ್ತದೆ, ಆತ್ಮಹತ್ಯೆ ಯೋಚನೆ ಬರುತ್ತದೆ ಅಂತ ನನಗೆ ಒಬ್ಬರು ಹೆದರಿಸಿದ್ದರು. ಅದಕ್ಕೇ ನಾನು ಅದನ್ನು ಕೇಳಲೇ ಇಲ್ಲ. ಅದು ನಿಜವಾ?

ಔಷಧಿ ಕಪಾಟು, ಬಾಗಲಕೋಟೆ

ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣದವರು ವರೆನಿಕ್ಲಿನ್, ಬುಪ್ರೊಪಿಯಾನ್ ಎರಡರ ಮಾಹಿತಿ ಚೀಟಿಯಲ್ಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಆಮೇಲೆ ‘ಈಗಲ್ಸ್’ ಅನ್ನುವ ದೊಡ್ಡ ಪ್ರಯೋಗ ನಡೆಯಿತು. 16 ದೇಶ, 8,144 ಮಂದಿ. ಸುಮಾರು ಅರ್ಧದಷ್ಟು ಮಂದಿಗೆ ಮೊದಲಿನಿಂದಲೂ ಮಾನಸಿಕ ಕಾಯಿಲೆ ಇತ್ತು, ಆದರೆ ಹದಕ್ಕೆ ಬಂದಿತ್ತು. 2016ರಲ್ಲಿ ಫಲಿತಾಂಶ ಬಂತು. ಈ ಗುಳಿಗೆಗಳಿಂದ ಮನಸ್ಸಿನ ತೊಂದರೆ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ಚೌಕಟ್ಟು ತೆಗೆಸಿದರು. 24 ವರ್ಷದೊಳಗಿನವರಿಗೆ ಎಲ್ಲ ಖಿನ್ನತೆ ಗುಳಿಗೆಗಳ ಮೇಲಿರುವ ಎಚ್ಚರಿಕೆ ಬೇರೆ, ಅದು ಬುಪ್ರೊಪಿಯಾನ್ ಮೇಲೂ ಹಾಗೇ ಇದೆ.

ಅದೇ ಪ್ರಯೋಗದಲ್ಲಿ 9ರಿಂದ 24ನೇ ವಾರದವರೆಗೆ ಒಂದೂ ಸೇದದೆ ಉಳಿದವರು ಎಷ್ಟು ಗೊತ್ತಾ? ವರೆನಿಕ್ಲಿನ್‌ನಲ್ಲಿ ನೂರಕ್ಕೆ ಸುಮಾರು 22, ಬುಪ್ರೊಪಿಯಾನ್‌ನಲ್ಲಿ 16, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯಲ್ಲೂ 16, ಸಕ್ಕರೆ ಗುಳಿಗೆಯಲ್ಲಿ 9. ಅಂದರೆ ಅತ್ಯುತ್ತಮ ಗುಳಿಗೆ ನುಂಗಿದರೂ ನೂರರಲ್ಲಿ 78 ಮಂದಿಗೆ ಆ ಸಲ ಆಗಲಿಲ್ಲ. ಗುಳಿಗೆ ಮಾರುವವನಾಗಿ ಇದನ್ನು ಹೇಳಬಾರದೇನೋ. ಆದರೆ ಮೊದಲ ಸಲ ಸೋತು ‘ನನ್ನಿಂದ ಆಗಲ್ಲ’ ಅಂತ ಕೂರುವವರೇ ಜಾಸ್ತಿ, ಅದಕ್ಕೆ ಹೇಳಿದೆ. ವರೆನಿಕ್ಲಿನ್ ಖಿನ್ನತೆಯ ಗುಳಿಗೆ ಅಲ್ಲ, ತಂಬಾಕು ಬಿಡಿಸಲು ಮಾತ್ರ. ಫಿಟ್ಸ್ ಇದ್ದವರು ಅದನ್ನೂ ಡಾಕ್ಟರ್ ಕೇಳದೆ ಮುಟ್ಟಬಾರದು.

ಕೆಂಪು ಬಸ್, ಮುಧೋಳ

ಆದರೂ ಒಂದು ಅನುಮಾನ. ಖಿನ್ನತೆ ಇರುವವನಿಗೆ ಸಿಗರೇಟೊಂದೇ ಸಮಾಧಾನ ಅಲ್ವಾ? ಅದನ್ನೂ ಕಿತ್ತುಕೊಂಡರೆ ಇನ್ನೂ ಕುಗ್ಗುವುದಿಲ್ಲವಾ?

ಸೀತಾಫಲ, ವಿಜಯಪುರ

ಇದನ್ನೇ ನಾನು ನನ್ನ ಆಪ್ತಸಮಾಲೋಚಕರಿಗೆ ಕೇಳಿದ್ದೆ. ಅವರು ಹೇಳಿದ್ದು: ಸಿಗರೇಟ್ ಕೊಡುವ ಸಮಾಧಾನ ಬಹುಪಾಲು ಹಿಂದಿನ ಸಿಗರೇಟ್ ಇಳಿದಾಗ ಹುಟ್ಟಿದ ಚಡಪಡಿಕೆಗೆ. ಕಲ್ಲು ತಾನೇ ಹಾಕಿ ತಾನೇ ತೆಗೆದ ಹಾಗೆ. ಬಿಟ್ಟ ಮೊದಲ ಎರಡರಿಂದ ನಾಲ್ಕು ವಾರ ಸಿಟ್ಟು, ಬೇಸರ, ನಿದ್ದೆಗೇಡು ಇದ್ದೇ ಇರುತ್ತದೆ. ಅದು ದಾಟಿದ ಮೇಲೆ ಮನಸ್ಸು ಮೊದಲಿಗಿಂತ ಹಗುರ ಆಗುತ್ತದೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನ ಕೂಡಿಸಿ ನೋಡಿದ ವರದಿ ಬಂದಿತ್ತು. ಬಿಟ್ಟವರಲ್ಲಿ ಖಿನ್ನತೆ, ಆತಂಕ ಎರಡೂ ಕಡಿಮೆ ಆಗಿದ್ದವು.

ಆದರೆ ನಾಲ್ಕು ವಾರ ದಾಟಿಯೂ ಕತ್ತಲೆ ಹೋಗಲಿಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಅದು ಸಿಗರೇಟಿನ ಮಾತಲ್ಲ. ಆ ಯೋಚನೆ ಮೊದಲ ದಿನವೇ ಬಂದರೂ ಕಾಯಬೇಡಿ. 14416ಕ್ಕೆ ಹಚ್ಚಿ, ಟೆಲಿ ಮಾನಸ್, ರಾತ್ರಿ ಎರಡಕ್ಕೂ ಎತ್ತುತ್ತಾರೆ. ನಾನು ಹಚ್ಚಿದ್ದೇನೆ. ಕನ್ನಡದಲ್ಲೇ ಮಾತಾಡಿದರು.

ಗೋಕಾಕ ಕರದಂಟು

ಮಾವ ಬೀಡಿ ಬಿಟ್ಟ ಮೇಲೆ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ ಅಂತ ಒಂದೇ ಗೋಳು. ಗುಳಿಗೆ ಆಗಿಬಂದಿಲ್ಲ ಅಂದುಕೊಂಡೆವು. ನೋಡಿದರೆ ಚಹಾ! ಹೊಗೆ ಸೇದುವವರ ಲಿವರ್ ಕೆಫೀನ್ ಅನ್ನು ಹೆಚ್ಚೂಕಡಿಮೆ ಎರಡರಷ್ಟು ಬೇಗ ಕರಗಿಸುತ್ತದಂತೆ. ಬೀಡಿ ನಿಂತಿತು, ಆ ವೇಗ ಇಳಿಯಿತು, ಚಹಾ ಮಾತ್ರ ದಿನಕ್ಕೆ ಒಂಬತ್ತು ಕಪ್ ಹಾಗೇ ಇತ್ತು. ನಾಲ್ಕಕ್ಕೆ ಇಳಿಸಿದ ಮೇಲೆ ಕೈ ನಡುಕ ನಿಂತಿತು. ಮಾವ ಮಾತ್ರ ಈಗಲೂ ಬೀಡಿಗಿಂತ ಚಹಾ ಕಿತ್ತುಕೊಂಡಿದ್ದಕ್ಕೇ ಜಾಸ್ತಿ ಬೈಯುತ್ತಾನೆ.

ಔಷಧಿ ಕಪಾಟು, ಬಾಗಲಕೋಟೆ

ಒಳ್ಳೆಯ ಮಾತು ಎತ್ತಿದಿರಿ. ಇದು ನಿಕೋಟಿನ್ ಕೆಲಸ ಅಲ್ಲ, ಹೊಗೆಯಲ್ಲಿರುವ ಟಾರ್ ಕೆಲಸ. ಮಾನಸಿಕ ಕಾಯಿಲೆಯ ಕ್ಲೊಜಪಿನ್, ಓಲಾಂಜಪಿನ್, ಅಸ್ತಮಾದ ಥಿಯೋಫಿಲಿನ್ ತಗೊಳ್ಳುವವರು ಸೇದುವುದು ಬಿಟ್ಟರೆ ಇದೇ ಕಾರಣಕ್ಕೆ ಔಷಧ ರಕ್ತದಲ್ಲಿ ಏರುತ್ತದೆ. ಬಿಡುವ ಮೊದಲೇ ಡಾಕ್ಟರ್‌ಗೆ ಹೇಳಬೇಕು. ಎಸಿಟಲೋಪ್ರಾಮ್‌ಗೆ ಆ ಕಾಟ ಅಷ್ಟಿಲ್ಲ.

ವೈಂಡಿಂಗ್ ಅಂಗಡಿ, ವಿಜಯಪುರ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ತಡ ಆಯಿತು, ದ್ರಾಕ್ಷಿ ತೋಟದವರ ಪಂಪ್ ಎಲ್ಲ ಒಟ್ಟಿಗೆ ಸುಟ್ಟುಕೊಂಡು ಬಂದಿದ್ದವು.

ಒಬ್ಬನೇ ಹೋದೆ. ಫಿಟ್ಸ್ ವಿಷಯ ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಎಷ್ಟನೇ ವಯಸ್ಸು, ಕೊನೆಯದು ಯಾವಾಗ, ಯಾವ ಗುಳಿಗೆ ಅಂತ ಕೇಳಿ, ನನ್ನ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಬರೆದರು. ಸಾಮಾನ್ಯವಾಗಿ ನಿಮ್ಮಂಥವರಿಗೆ ಎಸಿಟಲೋಪ್ರಾಮ್ ಜೊತೆಗೇ ಬುಪ್ರೊಪಿಯಾನ್ ಸೇರಿಸುವುದೂ ಉಂಟು, ನಿಮಗೆ ಮಾತ್ರ ಬೇಡ ಅಂದರು. ಮನಸ್ಸು ದಾರಿಗೆ ಬರುತ್ತಿರುವಾಗ ಎಸಿಟಲೋಪ್ರಾಮ್ ಬದಲಿಸಲಿಲ್ಲ. ಪೂರ್ತಿ ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಂತೆ.

ಸಿಗರೇಟಿಗೆ ನಿಕೋಟಿನ್ ಗಮ್ ಕೊಟ್ಟರು. ಎದ್ದು ಅರ್ಧ ತಾಸಿನೊಳಗೆ ಹಚ್ಚುವವನು ಅಂತ 2 ಬಿಟ್ಟು 4 ಮಿ.ಗ್ರಾಂ. ಮೊದಲ ದಿನ ಬಬಲ್‌ಗಮ್ ಥರ ಕಚಕಚ ಅಗಿದೆ. ಬಿಕ್ಕಳಿಕೆ ಹತ್ತಿಕೊಂಡು ನಿಲ್ಲಲೇ ಇಲ್ಲ, ಗಂಟಲು ಉರಿ. ಹಾಗಲ್ಲವಂತೆ. ನಿಧಾನ ಅಗಿಯಬೇಕು, ಚುರುಕು ಅನ್ನಿಸಿದ ಕೂಡಲೇ ನಿಲ್ಲಿಸಿ ಒಸಡಿನ ಪಕ್ಕ ಇಟ್ಟುಕೊಳ್ಳಬೇಕು, ಚುರುಕು ಹೋದರೆ ಮತ್ತೆ ಎರಡು ಸಲ. ಅರ್ಧ ತಾಸು ಹೀಗೇ. ಅದಕ್ಕೆ ಕಾಲು ತಾಸು ಮೊದಲಿನಿಂದ ಚಹಾ, ಕಾಫಿ ಏನೂ ಕುಡಿಯಬಾರದು. ನಮ್ಮ ನಿಪ್ಪಾಣಿಯವರು ದವಡೆಗೆ ಇಡುತ್ತಾರಲ್ಲ, ಥೇಟ್ ಹಾಗೇ. ಅವರಿಗಾದರೆ ಕಲಿಸುವುದೇ ಬೇಡ.

ಸೇದದೆ 12 ದಿನ. ನಡುವೆ ಒಂದು ಸಂಜೆ ಎರಡು ದಮ್ಮು ಎಳೆದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ ನೀವೇ ಹೇಳಿ. ಚಹಾ ಏಳರಿಂದ ಮೂರಕ್ಕೆ ಬಂದಿದೆ.

ಹೆಂಡತಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ನಿಮ್ಮ ಅವ್ವ ನನಗೆ ಮದುವೆ ಆದ ವರ್ಷವೇ ಹೇಳ್ಯಾರ’ ಅಂದಳು. 15 ವರ್ಷ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಇದ್ದೆವು ನೋಡಿ.

ಸ್ಟ್ರಿಪ್ ಷಡ್ಡಕನಿಗೆ ವಾಪಸ್ ಕಳಿಸಿದೆ. ಮುಖ ಸಣ್ಣ ಮಾಡಿಕೊಂಡಿದ್ದಾನಂತೆ.

ಮೂರನೇ ಮಹಡಿ, ಬೆಳಗಾವಿ

ಎರಡು ದಮ್ಮು ಲೆಕ್ಕಕ್ಕಿಲ್ಲ. ನನ್ನ ಖಾನಾಪುರದ ಮದುವೆಯೂ ಇಲ್ಲ. ಮುಂದೆ ನಡೆಯಿರಿ.

ನಿಪ್ಪಾಣಿಯವ

ಆ 1800 ನಂಬರಿಗೆ ಹಚ್ಚಿದ್ದೆ ರೀ. ಬಿಡುವ ದಿನ ಯಾವುದು ಅಂತ ಕೇಳಿದರು. ಬರುವ ಅಮಾವಾಸ್ಯೆ ಆದ ಮೇಲೆ ಅಂದೆ. ತಾರೀಖು ಹೇಳಿ ಅಂದರು. ಸಿಕ್ಕಿಬಿದ್ದೆ.

ಕೆಂಪು ಬಸ್, ಮುಧೋಳ

ಈಗ ನಾನೂ ಒಂದು ನಿಜ ಹೇಳುತ್ತೇನೆ, ನಗಬೇಡಿ. ಅಪ್ಪ ಬೀಡಿ ಬಿಟ್ಟ ಅಂದೆನಲ್ಲ, ಅವತ್ತಿನಿಂದ ತಂಬಾಕು ಅಗಿಯುತ್ತಾನೆ. ಹೋದ ವಾರ ಗಲ್ಲದ ಒಳಗೆ ಬಿಳಿ ಮಚ್ಚೆ ಕಂಡಿದೆ. ಗಮ್ ಕೊಡಿಸೋಣ ಅಂದರೆ ಅವನಿಗೆ ಹಲ್ಲಿಲ್ಲ. ಏನು ಮಾಡುವುದು?

ಔಷಧಿ ಕಪಾಟು, ಬಾಗಲಕೋಟೆ

ಗಮ್ ಆಮೇಲೆ. ಬಿಳಿ ಮಚ್ಚೆಯನ್ನು ಈ ವಾರವೇ ದಂತವೈದ್ಯರಿಗೋ ಕಿವಿ-ಮೂಗು-ಗಂಟಲಿನ ಡಾಕ್ಟರಿಗೋ ತೋರಿಸಿ. ನೋವಿಲ್ಲ ಅಂತ ಬಿಡಬೇಡಿ, ಅದು ನೋಯುವುದಿಲ್ಲ. ತಂಬಾಕು ಬಿಡಲಿಕ್ಕೆ ಲಾಜೆಂಜ್ ಇದೆ, ಚೀಪುವುದು, ಹಲ್ಲು ಬೇಕಿಲ್ಲ. ತೋರಿಸಿಕೊಂಡು ಚೀಟಿ ಹಿಡಿದು ಬನ್ನಿ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆಗೆದಿರುತ್ತದೆ.